ಯುದ್ಧ, ಗಲಭೆಯಿಂದ ನೆಲೆ ತಪ್ಪಿ ಪುಣೆ–ಮುಂಬೈಗೆ ಬಂದವರು: ಯಾವ ಕಾಗದ, ಯಾವ ಕಚೇರಿ, ಯಾವ ಹಕ್ಕು?

ಕೊಂಢ್ವಾ ಕನ್ನಡತಿ
ಪುಣೆಯ ಕೊಂಢ್ವಾ ಕಡೆಯ ಸೊಸೈಟಿಗಳಲ್ಲಿ ಸುಡಾನ್, ಅಫ್ಘಾನಿಸ್ತಾನ, ಯೆಮೆನ್‌ನಿಂದ ಓದಲು ಬಂದ ಹುಡುಗರು ಬಾಡಿಗೆಗೆ ಇದ್ದಾರೆ. ಅವರ ಊರಿಗೆ ವಾಪಸು ಹೋಗುವ ಸ್ಥಿತಿ ಇಲ್ಲ, ಕೆಲವರ ವೀಸಾ ಮುಗಿಯುತ್ತಾ ಬಂದಿದೆ. ಅದೇ ಬೀದಿಯಲ್ಲಿ ಮಣಿಪುರ ಬಿಟ್ಟು ಬಂದ ಕುಟುಂಬಗಳೂ ಇವೆ. ಕಮಿಟಿಯವರು ಎಲ್ಲರನ್ನೂ ‘ರೆಫ್ಯೂಜಿ’ ಎಂದು ಒಂದೇ ಪಟ್ಟಿಗೆ ಸೇರಿಸಿ ಎಲ್ಲರಿಂದಲೂ ಒಂದೇ ಕಾಗದ ಕೇಳುತ್ತಾರೆ. ಕಾನೂನು ಏನು ಹೇಳುತ್ತದೆ? ಮನೆ ಮಾಲೀಕರು ಏನು ಮಾಡಬೇಕು, ಏನು ಮಾಡಬಾರದು? ಬಲ್ಲವರು ಬಿಡಿಸಿ ಬರೆಯಿರಿ.

ವಡಾಲಾ ವಕೀಲ
ಮೇಡಂ, ಆ ಒಂದೇ ಪಟ್ಟಿಯೇ ತಪ್ಪು. ಮೊದಲು ನೋಡಬೇಕಾದ್ದು, ಬಂದವರು ದೇಶದ ಗಡಿ ದಾಟಿದ್ದಾರೋ ಇಲ್ಲವೋ.

ಮಣಿಪುರದವರು ಭಾರತದ ಪ್ರಜೆಗಳು. ಅವರಿಗೆ ವೀಸಾ ಇಲ್ಲ, ನೋಂದಣಿ ಇಲ್ಲ, ಯಾವ ವಿದೇಶಿಯರ ಕಾಯ್ದೆಯೂ ಅನ್ವಯಿಸುವುದಿಲ್ಲ. ದೇಶದಲ್ಲಿ ಎಲ್ಲಿ ಬೇಕಾದರೂ ಓಡಾಡುವ, ನೆಲೆಸುವ ಹಕ್ಕು ಸಂವಿಧಾನದ 19ನೇ ವಿಧಿಯದು. ಅದು ನಿಮಗೂ ನನಗೂ ಇರುವಷ್ಟೇ ಅವರಿಗೂ ಇದೆ. ಅವರನ್ನು ‘ನಿರಾಶ್ರಿತ’ ಎಂದು ಕರೆಯುವುದು ಬರೀ ಮಾತಿನ ತಪ್ಪಲ್ಲ, ಹಾಗೆ ಕರೆದು ಕರೆದು ಅವರ ಪೌರತ್ವದ ಮೇಲೇ ಅನುಮಾನ ಹುಟ್ಟಿಸುತ್ತೇವೆ.

ಸುಡಾನ್, ಅಫ್ಘಾನಿಸ್ತಾನದವರದು ಬೇರೆ ದಾರಿ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೂ 1967ರ ಪ್ರೋಟೋಕಾಲ್‌ಗೂ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಒಂದು ಕಾಯ್ದೆಯೂ ಇಲ್ಲ. ಟಿಬೆಟನ್ನರನ್ನೂ ಶ್ರೀಲಂಕಾದ ತಮಿಳರನ್ನೂ ಸರ್ಕಾರವೇ ನೇರವಾಗಿ ನೋಡಿಕೊಳ್ಳುತ್ತದೆ. ಬೈಲಕುಪ್ಪೆ, ಮುಂಡಗೋಡ ನೋಡಿದವರಿಗೆ ಇದು ಗೊತ್ತು. ಅಫ್ಘಾನಿಸ್ತಾನ, ಮ್ಯಾನ್ಮಾರ್, ಸುಡಾನ್, ಯೆಮೆನ್, ಸೊಮಾಲಿಯಾದವರ ಆಶ್ರಯದ ಅರ್ಜಿಯನ್ನು ದೆಹಲಿಯಲ್ಲಿರುವ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಯುಎನ್‌ಎಚ್‌ಸಿಆರ್ ನೋಡುತ್ತದೆ. ಆದರೆ ಸರ್ಕಾರದ ಕಣ್ಣಿಗೆ ಅವರು ಮೊದಲು ವಿದೇಶಿಯರು. 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಯಲ್ಲಿದೆ. 1946ರ ವಿದೇಶಿಯರ ಕಾಯ್ದೆಯೂ ಸೇರಿ ನಾಲ್ಕು ಹಳೇ ಕಾಯ್ದೆಗಳು ಹೋದವು. ಹಳೇ ಕಲಮು ಹಿಡಿದು ಯಾರಾದರೂ ಸಲಹೆ ಕೊಟ್ಟರೆ ಎರಡು ಸಲ ವಿಚಾರಿಸಿ.

ಡೊಂಬಿವಲಿ ಶೆಟ್ರು
ಮಾಲೀಕರ ವಿಷಯ ನಾನು ಹೇಳ್ತೇನೆ. ಲಾಡ್ಜ್ ಆಗಲಿ ಮನೆಯಾಗಲಿ, ವಿದೇಶಿಯನಿಗೆ ಜಾಗ ಕೊಟ್ಟರೆ 24 ಗಂಟೆಯ ಒಳಗೆ ಆನ್‌ಲೈನಿನಲ್ಲಿ ತಿಳಿಸಬೇಕು. ಎಲ್ಲರೂ ‘ಫಾರ್ಮ್ ಸಿ’ ಅಂತ ಕರೆಯುವುದು ಇದನ್ನೇ. ಇದು ಮಾಲೀಕನ ಕೆಲಸ, ಬಾಡಿಗೆಯವನದ್ದಲ್ಲ. ಪೊಲೀಸ್ ಠಾಣೆಗೆ ಕೊಡುವ ಬಾಡಿಗೆದಾರರ ಮಾಹಿತಿ ಬೇರೆ, ಅದು ಕೊಟ್ಟಾಯ್ತು ಅಂತ ಇದನ್ನು ಬಿಡುವ ಹಾಗಿಲ್ಲ.

ಮತ್ತೊಂದು, ಲೀವ್ ಅಂಡ್ ಲೈಸೆನ್ಸ್ ಕರಾರು, ಅಂದರೆ ಇಲ್ಲಿನ ಮನೆ ಬಾಡಿಗೆಯ ಒಪ್ಪಂದ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ 1999ರ 55ನೇ ಕಲಮಿನಂತೆ ಅದು ಬರಹದಲ್ಲಿರಬೇಕು, ನೋಂದಣಿ ಆಗಿರಬೇಕು. ನೋಂದಣಿ ಮಾಡಿಸುವ ಜವಾಬ್ದಾರಿಯೂ ಮಾಲೀಕನದ್ದೇ. ಏಜೆಂಟ್ ಲ್ಯಾಪ್‌ಟಾಪ್ ತಂದು ಬೆರಳಚ್ಚು ಒತ್ತಿಸಿಕೊಂಡು ಹೋಗುತ್ತಾನಲ್ಲ, ಅದು ಆಧಾರ್ ಇದ್ದವರಿಗೆ. ಪಾಸ್‌ಪೋರ್ಟ್ ಮಾತ್ರ ಇದ್ದರೆ ಉಪನೋಂದಣಿ ಕಚೇರಿಗೇ ಹೋಗಬೇಕು. ಆ ಅರ್ಧ ದಿನದ ಸೋಮಾರಿತನಕ್ಕೆ ಮಾಲೀಕರು ನೂರು ರೂಪಾಯಿ ಸ್ಟ್ಯಾಂಪ್ ಪೇಪರಲ್ಲಿ ನೋಟರಿ ಮಾಡಿ ಕೈತೊಳೆದುಕೊಳ್ಳುತ್ತಾರೆ. ಆ ನೋಟರಿ ಕಾಗದ ವೀಸಾ ಅರ್ಜಿಗೆ ವಿಳಾಸದ ದಾಖಲೆಯಾಗಿ ನಿಲ್ಲುವುದು ಕಷ್ಟ ಮಾರಾಯ್ರೆ.

ಇನ್ನೂ ಒಂದು ಎಡವಟ್ಟು: ನಾಲ್ಕು ಹುಡುಗರು ಇರುವ ಮನೆಯ ಕರಾರು ಒಬ್ಬನ ಹೆಸರಲ್ಲಿ. ಉಳಿದ ಮೂವರಿಗೆ ವಿಳಾಸವೇ ಇಲ್ಲ. ನಾಲ್ವರ ಹೆಸರೂ ಕರಾರಿನಲ್ಲಿ ಬರಲಿ, ನಾಲ್ವರಿಗೂ ಬೇರೆ ಬೇರೆ ಫಾರ್ಮ್ ಸಿ ಆಗಲಿ.

ಕಾಲೇಜ್ ಆಫೀಸ್, ಶಿವಾಜಿನಗರ
ಶೆಟ್ರು ಹೇಳಿದ್ದಕ್ಕೆ ಮುಂದುವರಿಕೆ. 180 ದಿನಕ್ಕಿಂತ ಹೆಚ್ಚಿನ ವೀಸಾದಲ್ಲಿ ಬಂದವರು 14 ದಿನದೊಳಗೆ ನೋಂದಣಿ ಮಾಡಿಸಬೇಕು. ಮುಂಬೈಯಲ್ಲಿ ಇದು ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿ, ಅಂದರೆ ಎಫ್‌ಆರ್‌ಆರ್‌ಒ, ಪುಣೆಯಲ್ಲಿ ಪೊಲೀಸ್ ಆಯುಕ್ತರ ಕೈಕೆಳಗಿನ ವಿದೇಶಿಯರ ನೋಂದಣಿ ವಿಭಾಗ. ಅರ್ಜಿ ಎರಡೂ ಕಡೆ ಇ-ಎಫ್‌ಆರ್‌ಆರ್‌ಒ ಜಾಲತಾಣದಲ್ಲೇ. ವಿದ್ಯಾರ್ಥಿ ವೀಸಾ ವಿಸ್ತರಣೆಗೆ ಪಾಸ್‌ಪೋರ್ಟ್, ವೀಸಾ ಪುಟ, ಕಾಲೇಜಿನ ಬೋನಫೈಡ್ (ಇಲ್ಲಿ ಓದುತ್ತಿದ್ದಾನೆ ಎಂಬ ಪ್ರಮಾಣಪತ್ರ), ವಿಳಾಸದ ದಾಖಲೆ, ಫೋಟೋ ಬೇಕು. ವೀಸಾ ಮುಗಿಯುವ ಎರಡು ತಿಂಗಳು ಮೊದಲೇ ಇವನ್ನೆಲ್ಲ ಜೋಡಿಸಿಟ್ಟುಕೊಳ್ಳಬೇಕು.

ಯುದ್ಧದ ದೇಶದವರಿಗೆ ಸಿಕ್ಕುವ ಗಂಟುಗಳು ಮೂರು.

ಮೊದಲನೆಯದು ಹಣ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾಗುತ್ತಲೇ ಮನೆಯಿಂದ ಬರುವ ದುಡ್ಡಿನ ದಾರಿಗಳು ಮುಚ್ಚಿದವು. ಫೀ ಬಾಕಿ ಇದ್ದರೆ ಕಾಲೇಜು ಬೋನಫೈಡ್ ಕೊಡುವುದಿಲ್ಲ, ಬೋನಫೈಡ್ ಇಲ್ಲದೆ ವೀಸಾ ಮುಂದಕ್ಕೆ ಹೋಗುವುದಿಲ್ಲ, ವೀಸಾ ತಪ್ಪಿದರೆ ಪರೀಕ್ಷೆಗೂ ಕುತ್ತು. ಫೀಯನ್ನೂ ಬೋನಫೈಡನ್ನೂ ಬೇರ್ಪಡಿಸಿ, ಕಂತಿನ ಒಪ್ಪಂದ ಬರೆಸಿಕೊಂಡು ಪ್ರಮಾಣಪತ್ರ ಕೊಡುವ ಅಧಿಕಾರ ಪ್ರಾಂಶುಪಾಲರಿಗಿದೆ. ಬಾಯಿಮಾತಿನಲ್ಲಿ ಕೇಳಿದರೆ ಆಗುವುದಿಲ್ಲ, ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಲಿ. ವಿದ್ಯಾರ್ಥಿ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ ಎಂಬುದನ್ನೂ ಹುಡುಗರಿಗೆ ತಿಳಿಸಿ. ಹೋಟೆಲಿನಲ್ಲಿ ರಾತ್ರಿ ಪಾಳಿ ಕೊಟ್ಟು ‘ಉಪಕಾರ’ ಮಾಡಿದರೆ ಅವರ ವೀಸಾಕ್ಕೇ ಸಂಚಕಾರ.

ಎರಡನೆಯದು ಪಾಸ್‌ಪೋರ್ಟ್ ಅವಧಿ. ದೆಹಲಿಯ ಹಳೇ ಅಫ್ಘನ್ ರಾಯಭಾರ ಕಚೇರಿ 2023ರ ನವೆಂಬರ್‌ನಲ್ಲಿ ಮುಚ್ಚಿತು. ಮುಂಬೈ ಕಾನ್ಸುಲೇಟಿಗೆ 2024ರ ನವೆಂಬರ್‌ನಲ್ಲಿ ತಾಲಿಬಾನ್ ತನ್ನವರನ್ನು ನೇಮಿಸಿತು. ತಾಲಿಬಾನಿಗೆ ಹೆದರಿ ಆಶ್ರಯ ಕೇಳಿದವನು ಅಲ್ಲೇ ಹೋಗಿ ಪಾಸ್‌ಪೋರ್ಟ್ ನವೀಕರಿಸಬೇಕೆಂದರೆ ಹೇಗೆ?

ಮೂರನೆಯದು ಹೆಸರು, ಹುಟ್ಟಿದ ದಿನ. ಅಫ್ಘನ್ನರಲ್ಲಿ ಅನೇಕರಿಗೆ ಒಂದೇ ಹೆಸರು, ಮನೆತನದ ಹೆಸರಿಲ್ಲ. ಹಳೇ ಕಾಗದದ ತಜ್ಕಿರಾದಲ್ಲಿ (ಅದು ಅವರ ಗುರುತಿನ ಚೀಟಿ) ಹುಟ್ಟಿದ ತಾರೀಖಿನ ಬದಲು ‘ಇಂಥ ವರ್ಷದಲ್ಲಿ ಇಷ್ಟು ವಯಸ್ಸು’ ಎಂದಿರುತ್ತದೆ. ಅವರ ಸೌರ ಹಿಜ್ರಿ 1380 ಎಂದರೆ ನಮ್ಮ 2001ರ ಮಾರ್ಚ್ 21ರಿಂದ 2002ರ ಮಾರ್ಚ್ 20ರವರೆಗೆ. ಅನುವಾದಕ ಒಮ್ಮೆ 2001 ಎಂದು, ಮತ್ತೊಮ್ಮೆ 2002 ಎಂದು ಬರೆದರೆ ಮುಂದೆ ಪ್ರತಿ ಕಚೇರಿಯಲ್ಲೂ ಆ ಒಂದು ವರ್ಷದ ವ್ಯತ್ಯಾಸ ಎದ್ದು ನಿಲ್ಲುತ್ತದೆ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ, ಒಂದು ಅಕ್ಷರವೂ ಆಚೀಚೆ ಆಗದಂತೆ, ಎಲ್ಲ ಕಡೆ ಬರೆಸಿ.

ಬೆಳಗಾವಿ ಹುಡುಗ, ಪಿಂಪ್ರಿ
ಒಂದು ಕೇಳ್ಲೇನ್ರಿ ಸರ? ನಾವು ಸಹಿನ ಹಾಕಿಲ್ಲ ಅಂದಮ್ಯಾಲ ಇವರಿಗೆ ಹಕ್ಕು ಎಲ್ಲಿಂದ ಬಂತು? ನಾಳೆ ಯಾರರ ಹೊಕ್ಕೊಂಡು ಬಂದು ಕುಂತ್ರ?

ವಡಾಲಾ ವಕೀಲ
ಕೇಳಬೇಕಾದ ಪ್ರಶ್ನೆಯೇ. ಸಂವಿಧಾನದ 14 ಮತ್ತು 21ನೇ ವಿಧಿಯಲ್ಲಿ ಇರುವ ಪದ ‘ವ್ಯಕ್ತಿ’, ‘ಪ್ರಜೆ’ ಅಲ್ಲ. ಸಮಾನತೆ, ಜೀವ, ವೈಯಕ್ತಿಕ ಸ್ವಾತಂತ್ರ್ಯ ವಿದೇಶಿಯನಿಗೂ ಉಂಟು. ಬಂಧಿಸಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂಬ 22ನೇ ವಿಧಿಯೂ ಅಷ್ಟೇ. 1996ರಲ್ಲಿ, ಈಗಿನ ಬಾಂಗ್ಲಾದೇಶದ ಕಡೆಯಿಂದ ಬಂದ ಚಕ್ಮಾ ಜನರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅವರ ಜೀವ ಕಾಯುವುದು ಅರುಣಾಚಲ ಸರ್ಕಾರದ ಹೊಣೆ ಎಂದಿತು. ಪ್ರಾಣಭಯ ಇರುವ ಕಡೆಗೆ ಯಾರನ್ನೂ ಬಲವಂತವಾಗಿ ಹಿಂದಕ್ಕೆ ಕಳಿಸಬಾರದೆಂಬ ತತ್ವವನ್ನು ಗುಜರಾತ್ ಹೈಕೋರ್ಟ್ ಇರಾಕಿನವರ ಪ್ರಕರಣದಲ್ಲಿ 21ನೇ ವಿಧಿಯೊಳಗೇ ಕಂಡಿತು. 2021ರಲ್ಲಿ ಮಣಿಪುರ ಹೈಕೋರ್ಟ್ ಮ್ಯಾನ್ಮಾರಿನಿಂದ ಓಡಿಬಂದವರಿಗೆ ದೆಹಲಿಯ ಯುಎನ್‌ಎಚ್‌ಸಿಆರ್‌ವರೆಗೆ ಹೋಗಲು ದಾರಿ ಬಿಟ್ಟುಕೊಟ್ಟಿತು.

ಇನ್ನೊಂದು ಮಗ್ಗುಲನ್ನೂ ಮುಚ್ಚಿಡಬಾರದು. ಅದೇ 2021ರ ಏಪ್ರಿಲ್ 8ರಂದು ಮ್ಯಾನ್ಮಾರಿನ ರೋಹಿಂಗ್ಯಾ ಜನರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 14 ಮತ್ತು 21 ಎಲ್ಲರಿಗೂ ಅನ್ವಯ, ಆದರೆ ಗಡೀಪಾರಾಗದೆ ಉಳಿಯುವ ಹಕ್ಕು ಪ್ರಜೆಗಳ 19ನೇ ವಿಧಿಗೆ ಅಂಟಿಕೊಂಡದ್ದು ಎಂದಿತು. ನಿಗದಿತ ಕ್ರಮ ಪಾಲಿಸದೆ ಕಳಿಸಬಾರದು ಎಂದಷ್ಟೇ ರಕ್ಷಣೆ ಕೊಟ್ಟಿತು. ಹಾಗಾಗಿ ‘ಯುಎನ್‌ಎಚ್‌ಸಿಆರ್ ಕೊಟ್ಟ ಯುಎನ್ ಕಾರ್ಡ್ ಇದೆ, ಯಾರೂ ಏನೂ ಮಾಡುವಂತಿಲ್ಲ’ ಎಂದು ಯಾರಿಗೂ ಧೈರ್ಯ ತುಂಬಬೇಡಿ. ಅದು ಸುಳ್ಳು ಧೈರ್ಯ.

ಹೊಕ್ಕೊಂಡು ಬರುವ ಮಾತು: ಹೊಸ ಕಾಯ್ದೆಯಲ್ಲಿ ಪಾಸ್‌ಪೋರ್ಟ್–ವೀಸಾ ಇಲ್ಲದ ಪ್ರವೇಶಕ್ಕೆ 5 ವರ್ಷದವರೆಗೆ ಜೈಲು ಅಥವಾ 5 ಲಕ್ಷದವರೆಗೆ ದಂಡ ಅಥವಾ ಎರಡೂ. ಅವಧಿ ಮೀರಿ ಉಳಿದರೆ 3 ವರ್ಷ, 3 ಲಕ್ಷದವರೆಗೆ. ಖೋಟಾ ಕಾಗದಕ್ಕೆ ಕನಿಷ್ಠ 2, ಗರಿಷ್ಠ 7 ವರ್ಷ. ಇಷ್ಟು ಬಿಗಿಯಾದ ಕಾಯ್ದೆ ಇರುವಾಗ ಹೆಸರು ಬರೆಸಿ, ಬೆರಳಚ್ಚು ಕೊಟ್ಟು, ಕಣ್ಣಿಗೆ ಕಾಣುವಂತೆ ಬದುಕುವವನನ್ನು ಹೆದರಿಸಿ ಅಡಗಿಸಿದರೆ ನಿಮ್ಮ ಭದ್ರತೆಗೂ ಲಾಭವಿಲ್ಲ. ನೀವಿರುವ ಪಿಂಪ್ರಿ ಕ್ಯಾಂಪ್ ಕೂಡ ಹಾಗೆ ನೆಲೆ ತಪ್ಪಿ ಬಂದ ಸಿಂಧಿಗಳದ್ದೇ ಅಲ್ಲವೇ?

ಬೆಳಗಾವಿ ಹುಡುಗ, ಪಿಂಪ್ರಿ
ಅದು ಖರೇ ಐತ್ರಿ. ಹಂಗಾರ ಆ ಯುಎನ್ ಕಾರ್ಡ್ ತಗೊಳ್ಳೂ ದಾರಿ ಹೆಂಗ? ನಮ್ಮ ವರ್ಕ್‌ಶಾಪ್ ಕಡೆ ಕೇಳಾವ್ರು ಅದಾರ.

ಅನುವಾದಕಿ, ಕ್ಯಾಂಪ್ ಪುಣೆ
ಇದಕ್ಕೆ ನಾನು ಉತ್ತರಿಸುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಓದಲು ಬಂದವನು ಬಂದ ದಿನ ನಿರಾಶ್ರಿತ ಆಗಿರಲಿಲ್ಲ. ಅವನು ಇಲ್ಲಿದ್ದಾಗ ಊರಿನಲ್ಲಿ ಯುದ್ಧ ಹತ್ತಿತು, ಅಥವಾ ಆಳುವವರು ಬದಲಾದರು. ಅಂಥವನೂ ಆಶ್ರಯ ಕೇಳಬಹುದು, ವಿಮಾನ ಇಳಿದ ದಿನವೇ ಕೇಳಬೇಕಿತ್ತು ಎಂಬುದಿಲ್ಲ. ಆದರೆ ವೀಸಾ ಜೀವಂತ ಇರುವಾಗಲೇ ಶುರುಮಾಡುವುದು ಒಳ್ಳೆಯದು. ಅರ್ಜಿ ಹಾಕಿದ ಮಾತ್ರಕ್ಕೆ ವೀಸಾ ತಾನಾಗಿ ಬೆಳೆಯುವುದಿಲ್ಲ. ವೀಸಾದ್ದು, ಯುಎನ್‌ಎಚ್‌ಸಿಆರ್‌ನದು, ಎರಡೂ ಕಚೇರಿಯ ಕೆಲಸ ಒಟ್ಟೊಟ್ಟಿಗೆ ನಡೆಯಬೇಕು.

ಮೊದಲು ಯುಎನ್‌ಎಚ್‌ಸಿಆರ್‌ಗೆ ನೋಂದಣಿ ಅರ್ಜಿ. ಮನೆಯ ಎಲ್ಲರ ಹೆಸರನ್ನೂ ಬರೆಯಬೇಕು, ಊರಿನಲ್ಲೇ ಉಳಿದ ಹೆಂಡತಿ ಮಕ್ಕಳದನ್ನೂ. ಈಗ ಬಿಟ್ಟ ಹೆಸರನ್ನು ಮುಂದೆ ಕುಟುಂಬ ಒಂದುಗೂಡಿಸುವ ಹೊತ್ತಿಗೆ ಸೇರಿಸಲು ಹೋದರೆ ‘ಆಗ ಯಾಕೆ ಹೇಳಲಿಲ್ಲ’ ಎಂಬ ಪ್ರಶ್ನೆ ಬರುತ್ತದೆ. ಆಮೇಲೆ ದೆಹಲಿಗೆ ಕರೆ ಬರುತ್ತದೆ, ಫೋಟೋ, ಬೆರಳಚ್ಚು, ಕಣ್ಣಿನ ಪಾಪೆಯ ಗುರುತು ತೆಗೆಯುತ್ತಾರೆ. ಆಗ ಸಿಗುವುದು ಆಶ್ರಯ ಕೋರಿದವರ ದಾಖಲೆ. ನಿರಾಶ್ರಿತರ ಕಾರ್ಡ್ ಬರುವುದು ಸಂದರ್ಶನ ಮುಗಿದು ಮಾನ್ಯತೆ ಸಿಕ್ಕ ಮೇಲೆ.

ಸಂದರ್ಶನ ಒಬ್ಬೊಬ್ಬರದೇ ನಡೆಯುತ್ತದೆ, ಗಂಡ ಹೆಂಡತಿಯನ್ನೂ ಬೇರೆ ಬೇರೆಯಾಗಿ ಕೇಳಬಹುದು. ಹೆಣ್ಣುಮಕ್ಕಳು ಮಹಿಳಾ ಅಧಿಕಾರಿ, ಮಹಿಳಾ ದುಭಾಷಿ ಬೇಕೆಂದು ಮೊದಲೇ ಕೇಳಬಹುದು. ದುಭಾಷಿಯ ಉಪಭಾಷೆ ಅರ್ಥವಾಗದಿದ್ದರೆ ಶುರುವಿನಲ್ಲೇ ಹೇಳಿಬಿಡಬೇಕು. ದರಿ ಮತ್ತು ಪಶ್ತೋ ಎರಡು ಬೇರೆ ಭಾಷೆ, ಸುಡಾನಿನ ಅರಬ್ಬಿಯೂ ಇರಾಕಿನ ಅರಬ್ಬಿಯೂ ಒಂದೇ ಅಲ್ಲ. ಸಂಕೋಚಕ್ಕೆ ತಲೆಯಾಡಿಸಿದ್ದು ಕಾಗದದಲ್ಲಿ ‘ಹೌದು’ ಎಂದಾಗುತ್ತದೆ. ಅಲ್ಲಿ ಹೇಳಿದ್ದನ್ನು ಅವರ ದೇಶದ ಸರ್ಕಾರಕ್ಕೆ ತಿಳಿಸುವುದಿಲ್ಲ.

ಅರ್ಜಿಗಳು ಬೀಳುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, ‘ನಮ್ಮೂರಲ್ಲಿ ಯುದ್ಧ’ ಎಂದಷ್ಟೇ ಹೇಳಿ ನಿಲ್ಲಿಸುವುದು. 1951ರ ವ್ಯಾಖ್ಯೆ ಕೇಳುವುದು ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು, ರಾಜಕೀಯ ನಿಲುವು, ಈ ಐದರಲ್ಲಿ ಒಂದರ ಕಾರಣಕ್ಕೆ ನಿನಗೆ ಏನಾದೀತು ಎಂಬುದನ್ನು. ಯಾರು ಯಾರೆಂದು ನೋಡದೆ ನಡೆಯುವ ಹಿಂಸೆಯಿಂದ ಓಡಿದವರನ್ನೂ ಯುಎನ್‌ಎಚ್‌ಸಿಆರ್ ತನ್ನ ವಿಶಾಲ ಅಧಿಕಾರದಲ್ಲಿ ಪರಿಗಣಿಸುತ್ತದೆ, ನಿಜ. ಆದರೂ ಯಾವ ಬಡಾವಣೆ, ಯಾವ ತಿಂಗಳು, ಯಾವ ಪಡೆ, ಮನೆಯಲ್ಲಿ ಯಾರಿಗೆ ಏನಾಯಿತು, ಇಷ್ಟು ವಿವರ ಬೇಕು. ಎರಡನೆಯ ಕಾರಣ, ಬೇರೆಯವನ ಗೆದ್ದ ಕಥೆಯನ್ನು ಎರವಲು ತರುವುದು. ಅದನ್ನು ಬರೆದುಕೊಡುವ ಏಜೆಂಟರು ಎಲ್ಲ ಊರಲ್ಲೂ ಇದ್ದಾರೆ. ಯುಎನ್‌ಎಚ್‌ಸಿಆರ್‌ನ ಯಾವ ಹಂತಕ್ಕೂ ಶುಲ್ಕವಿಲ್ಲ, ದುಡ್ಡು ಕೇಳಿದವನು ವಂಚಕ.

ತಿರಸ್ಕಾರವಾದರೆ ಮೇಲ್ಮನವಿಗೆ 30 ದಿನ. ಆ ಪತ್ರ ಹಳೇ ವಿಳಾಸಕ್ಕೋ ಬಳಸದ ಇಮೇಲಿಗೋ ಹೋಗಿ ಗಡುವು ದಾಟುತ್ತದೆ. ಮನೆ ಬದಲಾದರೂ ಫೋನ್ ನಂಬರ್ ಬದಲಾದರೂ ಮೊದಲು ಅಲ್ಲಿ ತಿಳಿಸಬೇಕು.

ಪಾಸ್‌ಪೋರ್ಟ್ ಬಗ್ಗೆ ಆಫೀಸಿನವರು ಎತ್ತಿದ ಪ್ರಶ್ನೆಗೆ: ಆಶ್ರಯ ಕೇಳಿದ ಮೇಲೆ ಸ್ವಂತ ದೇಶದ ಕಾನ್ಸುಲೇಟಿಗೆ ಹೋದರೆ ‘ಆ ಸರ್ಕಾರದ ರಕ್ಷಣೆಯನ್ನು ಮತ್ತೆ ಪಡೆದ’ ಎಂದು ಓದಿಕೊಳ್ಳುವ ಅಪಾಯವಿದೆ. ಹೋಗಲೇಬಾರದು ಎಂದಲ್ಲ. ಹೋಗುವ ಮೊದಲು ವಕೀಲರನ್ನು ಕೇಳಿ, ಯಾಕೆ ಹೋಗಬೇಕಾಯಿತು ಎಂಬುದನ್ನು ಬರೆದಿಟ್ಟುಕೊಳ್ಳಿ.

ಡೊಂಬಿವಲಿ ಶೆಟ್ರು
ಅಕ್ಕ, ಕಾರ್ಡ್ ಸಿಕ್ಕಿದ ಮೇಲೆ ಕೆಲಸಕ್ಕೆ ಇಟ್ಟುಕೊಳ್ಳಬಹುದಾ? ಆಧಾರ್ ಸಿಗ್ತದಾ?

ಅನುವಾದಕಿ, ಕ್ಯಾಂಪ್ ಪುಣೆ
ಕಾರ್ಡ್ ಒಂದರಿಂದಲೇ ಎರಡೂ ಇಲ್ಲ ಶೆಟ್ರೇ. ಕೆಲಸಕ್ಕೆ ದೀರ್ಘಾವಧಿ ವೀಸಾ ಬೇಕು. ಗೃಹ ಸಚಿವಾಲಯ 2011ರಲ್ಲಿ ಕೊಟ್ಟು 2019ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಂತೆ, ಕಿರುಕುಳದ ಭಯಕ್ಕೆ ಮೇಲ್ನೋಟಕ್ಕೆ ಆಧಾರವಿದ್ದರೆ, ಭದ್ರತಾ ತಪಾಸಣೆ ಆದ ಮೇಲೆ ಈ ವೀಸಾ ಕೊಡಬಹುದು. ಅದಿದ್ದವರು ಖಾಸಗಿ ಕೆಲಸ ಮಾಡಬಹುದು, ಓದಬಹುದು. ಕೊಡಲೇಬೇಕೆಂದು ಹಟ ಹಿಡಿಯುವಂಥ ಹಕ್ಕಲ್ಲ ಅದು. 2021ರ ಆಗಸ್ಟಿನಲ್ಲಿ ಅಫ್ಘನ್ನರಿಗೆಂದು ತಂದ ತುರ್ತು ಇ-ವೀಸಾ ಬೇರೆಯದೇ, ಅದು ಆರು ತಿಂಗಳದ್ದು.

ವಾಸ್ಕೊ ಕನ್ನಡಿಗ
ಗೋವಾದ ಹೋಟೆಲುಗಳಲ್ಲಿ ಮಣಿಪುರದ ಹುಡುಗ ಹುಡುಗಿಯರು ಬಹಳ. 2023ರ ಮೇ 3ರಂದು ಅಲ್ಲಿ ಗಲಭೆ ಶುರುವಾದ ನಂತರ ಬಂದವರಲ್ಲಿ ಮಾರ್ಕ್ಸ್ ಕಾರ್ಡಿನಿಂದ ಹಿಡಿದು ಎಲ್ಲ ಮನೆಯ ಜೊತೆ ಸುಟ್ಟುಹೋಗಿದೆ. ಕೆಲಸ ಕೊಡುವ ಕಂಪನಿ ‘ಊರಿನ ಠಾಣೆಯಿಂದ ನಡತೆ ಪ್ರಮಾಣಪತ್ರ ತಾ’ ಅನ್ನುತ್ತದೆ. ಆ ಠಾಣೆ ಇರುವುದು ಅವರು ಕಾಲಿಡಲಾಗದ ಕಡೆ. ಇವರಿಗೆ ಏನು ದಾರಿ?

ವಡಾಲಾ ವಕೀಲ
ಇವರಿಗೆ ದಾರಿ ಇದೆ, ಒಂದೊಂದಾಗಿ ಹಿಡಿಯಬೇಕು ಅಷ್ಟೇ.

ಆಧಾರ್ ಮೊದಲು. ನಂಬರ್ ನೆನಪಿಲ್ಲದಿದ್ದರೂ ಪರವಾಗಿಲ್ಲ, ಬೆರಳಚ್ಚು ಕಂಪ್ಯೂಟರಿನಲ್ಲಿದೆ. ಯಾವ ಊರಿನ ಆಧಾರ್ ಸೇವಾ ಕೇಂದ್ರದಲ್ಲಾದರೂ ಅದರಿಂದಲೇ ಹುಡುಕಿಸಬಹುದು. 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಮಣಿಪುರದ ಸಂತ್ರಸ್ತರಿಗೆ ಕಳೆದುಹೋದ ಆಧಾರ್ ಮತ್ತೆ ಕೊಡಬೇಕೆಂದು ಹೇಳಿತ್ತು. ಆಧಾರ್ ಬಂದರೆ ಡಿಜಿಲಾಕರ್ ತೆರೆಯುತ್ತದೆ, ಬೋರ್ಡಿನ ಅಂಕಪಟ್ಟಿ ಅಲ್ಲಿ ಇರಬಹುದು.

ಪಡಿತರ: ಒಂದು ದೇಶ ಒಂದು ಪಡಿತರ ಚೀಟಿಯಡಿ ವಾಸ್ಕೊದಲ್ಲೋ ಧಾರಾವಿಯಲ್ಲೋ ಬೆರಳೊತ್ತಿ ತಮ್ಮ ಪಾಲು ತೆಗೆದುಕೊಳ್ಳಬಹುದು. ಆದ್ಯತಾ ಕುಟುಂಬಕ್ಕೆ ತಲೆಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯಕ್ಕೆ ಮನೆಗೆ 35 ಕಿಲೋ. ಮನೆಯವರು ಅರ್ಧ ಅಲ್ಲಿ, ಅರ್ಧ ಇಲ್ಲಿ ಇದ್ದರೆ ಪಾಲನ್ನೂ ಹಾಗೆಯೇ ಹಂಚಿ ಎತ್ತಬಹುದು.

ಎಫ್‌ಐಆರ್: ಸುಟ್ಟ ಮನೆಯ ದೂರು ಇನ್ನೂ ಆಗಿಲ್ಲದಿದ್ದರೆ ಅಲ್ಲಿಗೇ ಹೋಗಬೇಕೆಂದಿಲ್ಲ. ಬಿಎನ್‌ಎಸ್‌ಎಸ್ (ಹಳೇ ಸಿಆರ್‌ಪಿಸಿಯ ಜಾಗಕ್ಕೆ ಬಂದ ಕಾಯ್ದೆ) 173ರಂತೆ, ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಝೀರೋ ಎಫ್‌ಐಆರ್ ಬರೆಸಬಹುದು, ಪ್ರತಿ ಉಚಿತ. ಆನ್‌ಲೈನ್ ಕೊಟ್ಟರೆ 3 ದಿನದೊಳಗೆ ಹೋಗಿ ಸಹಿ ಮಾಡಬೇಕು. ಠಾಣೆಯವರು ಒಪ್ಪದಿದ್ದರೆ ಪೊಲೀಸ್ ವರಿಷ್ಠರಿಗೆ ಅಂಚೆಯಲ್ಲಿ, ಆಮೇಲೆ ಮ್ಯಾಜಿಸ್ಟ್ರೇಟರಿಗೆ. ಘಟನೆ 2024ರ ಜುಲೈ 1ಕ್ಕಿಂತ ಹಿಂದಿನದಾದರೆ ಅಪರಾಧದ ಕಲಮು ಹಳೇ ಐಪಿಸಿಯದೇ. ಮನೆಗೆ ಬೆಂಕಿ ಇಟ್ಟದ್ದಕ್ಕೆ 436. ಇದನ್ನು ತಪ್ಪಾಗಿ ಬರೆದ ದೂರುಗಳು ಆಮೇಲೆ ಒದ್ದಾಡುತ್ತವೆ.

ಆಸ್ತಿ: ಮಣಿಪುರದ ಕಣಿವೆಯಲ್ಲಿ ಪಟ್ಟಾ (ಜಮೀನಿನ ಹಕ್ಕುಪತ್ರ) ಇರುತ್ತದೆ. ಗುಡ್ಡಗಾಡಿನಲ್ಲಿ ಜಮೀನು ಸಂಪ್ರದಾಯದಂತೆ ಹಳ್ಳಿಯದೋ ಮುಖ್ಯಸ್ಥನದೋ ಆಗಿರುವುದರಿಂದ ಪಟ್ಟಾ ಇಲ್ಲದಿರುವುದೇ ಸಾಮಾನ್ಯ. ‘ಪಟ್ಟಾ ತಂದ್ರೆ ಮಾತ್ರ ನಿಮ್ಮ ಮನೆ’ ಎಂದರೆ ಅರ್ಧ ಜನ ಹೊರಗೆ ಬೀಳುತ್ತಾರೆ. ಮನೆ ತೆರಿಗೆ ರಸೀದಿ, ಕರೆಂಟ್ ಬಿಲ್ಲು, ಮತದಾರರ ಪಟ್ಟಿಯ ಪುಟ, ಹಳೇ ಫೋಟೋ, ಅಕ್ಕಪಕ್ಕದವರ ಪ್ರಮಾಣಪತ್ರ ಸೇರಿಸಿ. ಸಂಘರ್ಷದ ನಡುವೆ ಆಸ್ತಿ ಮಾರುವ ಕಾಗದಕ್ಕೆ ಸಹಿ ಹಾಕಬೇಡಿ. ನೆಲೆ ತಪ್ಪಿದವರ ಬಗ್ಗೆ 1998ರಲ್ಲಿ ವಿಶ್ವಸಂಸ್ಥೆ ತಂದ 30 ಮಾರ್ಗದರ್ಶಿ ತತ್ವಗಳಲ್ಲಿ 29ನೆಯದು, ಬಿಟ್ಟುಬಂದ ಆಸ್ತಿ ಹಿಂದಿರುಗಿಸಲು, ಆಗದಿದ್ದರೆ ಪರಿಹಾರ ಕೊಡಿಸಲು ಸರ್ಕಾರ ನೆರವಾಗಬೇಕು ಎನ್ನುತ್ತದೆ. ಅದು ಕಾಯ್ದೆಯಲ್ಲ, ಆದರೆ ಅರ್ಜಿಯಲ್ಲಿ ಉಲ್ಲೇಖಿಸಿದರೆ ತೂಕ ಬರುತ್ತದೆ. ಪರಿಹಾರ, ಪುನರ್ವಸತಿ ನೋಡಲು 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ ಮೂವರು ನಿವೃತ್ತ ನ್ಯಾಯಮೂರ್ತಿಗಳ ಸಮಿತಿಯಲ್ಲಿ ಬಾಂಬೆ ಹೈಕೋರ್ಟಿನ ಶಾಲಿನಿ ಫಣಸಳ್ಕರ್ ಜೋಶಿ ಅವರೂ ಇದ್ದರು.

ನಡತೆ ಪ್ರಮಾಣಪತ್ರ: ಈಗ ಇರುವ ಊರಿನ ಪೊಲೀಸರಿಂದ ಇಲ್ಲಿನ ವಾಸದ ಅವಧಿಗೆ ತೆಗೆದುಕೊಂಡು, ಊರಿನದು ಯಾಕೆ ಆಗುವುದಿಲ್ಲ ಎಂದು ಸ್ವಯಂ ಘೋಷಣೆ ಲಗತ್ತಿಸಿ. ಕಂಪನಿಯ ನಿಯಮ ಕಂಪನಿ ಮಾಡಿಕೊಂಡದ್ದು, ಸಡಿಲಿಸಲೂ ಬರುತ್ತದೆ.

ವಕೀಲರ ಫೀಯ ಚಿಂತೆ ಬೇಡ. ಕಾನೂನು ಸೇವಾ ಪ್ರಾಧಿಕಾರ ಕಾಯ್ದೆ 1987ರ 12ನೇ ಕಲಮಿನಲ್ಲಿ ಜನಾಂಗೀಯ ಹಿಂಸೆಯ ಸಂತ್ರಸ್ತರ ಹೆಸರೇ ಇದೆ, ಆದಾಯ ನೋಡದೆ ಉಚಿತ ನೆರವು. ಸಹಾಯವಾಣಿ 15100. ಮಾನವ ಹಕ್ಕು ಆಯೋಗಕ್ಕೆ ದೂರು ಕನ್ನಡದಲ್ಲೂ ಕೊಡಬಹುದು, ಶುಲ್ಕವಿಲ್ಲ. ಆದರೆ ಘಟನೆಯಿಂದ ಒಂದು ವರ್ಷದೊಳಗೆ ಕೊಡಬೇಕು. ದೂರು ಸಶಸ್ತ್ರ ಪಡೆಗಳ ಮೇಲಾದರೆ ಆಯೋಗ ಸ್ವತಃ ತನಿಖೆ ಮಾಡುವಂತಿಲ್ಲ, ಕೇಂದ್ರದಿಂದ ವರದಿ ತರಿಸಿಕೊಂಡು ಶಿಫಾರಸು ಮಾಡಬಹುದು ಅಷ್ಟೇ.

ಕಾಲೇಜ್ ಆಫೀಸ್, ಶಿವಾಜಿನಗರ
ಇದರ ಜೊತೆ ಒಂದು ಎಚ್ಚರ: ಮಣಿಪುರದಲ್ಲಿ ಪರಿಶಿಷ್ಟ ಪಂಗಡವಾದವರು ಮಹಾರಾಷ್ಟ್ರಕ್ಕೆ ಬಂದ ಮಾತ್ರಕ್ಕೆ ಇಲ್ಲಿನ ರಾಜ್ಯ ಕೋಟಾಕ್ಕೆ ಬರುವುದಿಲ್ಲ. ಕೇಂದ್ರ ಸಂಸ್ಥೆಗಳ ಸೀಟಿಗೆ ಬರುತ್ತಾರೆ. ಕಾಶ್ಮೀರದಿಂದ 1990ರಲ್ಲಿ ಹೊರಬಿದ್ದವರ ಮಕ್ಕಳಿಗೆ ತಾಂತ್ರಿಕ ಕಾಲೇಜುಗಳಲ್ಲಿ ವಾಸಸ್ಥಳದ ಷರತ್ತು ಬಿಟ್ಟು ಸೀಟು ಕೊಡುವ ವ್ಯವಸ್ಥೆ ಇದೆ. ಹಾಗಾಗಿ ಮಣಿಪುರದವರಿಗೂ ಅಂಥ ವ್ಯವಸ್ಥೆ ಮಾಡುವುದು ಆಗದ ಕೆಲಸವೇನಲ್ಲ.

ಶಾಲೆಯಕ್ಕ, ಚೆಂಬೂರು
ಮಕ್ಕಳ ಮಾತೇ ಬಂದಿಲ್ಲವಲ್ಲ. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14ರ ‘ಪ್ರತಿ ಮಗು’ ಎನ್ನುತ್ತದೆ. ವಯಸ್ಸಿನ ದಾಖಲೆ ಇಲ್ಲವೆಂದು ಸೇರಿಸಿಕೊಳ್ಳದಿರುವಂತಿಲ್ಲ (14ನೇ ಕಲಮು), ಟಿಸಿ ತಡವಾಯಿತೆಂದು ನಿಲ್ಲಿಸುವಂತಿಲ್ಲ (5ನೇ ಕಲಮು), ಓದು ಬಿಟ್ಟುಹೋಗಿದ್ದರೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ಹೆಚ್ಚುವರಿ ಪಾಠ ಕೊಡಬೇಕು (4ನೇ ಕಲಮು). ಶಾಲೆಯ ಗುಮಾಸ್ತರು ‘ಕಂಪ್ಯೂಟರ್ ಆಧಾರ್ ಕೇಳುತ್ತದೆ’ ಅನ್ನುತ್ತಾರೆ. ಕಂಪ್ಯೂಟರಿನ ಖಾಲಿ ಚೌಕ ಕಾಯ್ದೆಗಿಂತ ದೊಡ್ಡದಲ್ಲ. ಮೊದಲು ಮಗುವನ್ನು ಹಾಜರಿ ಪುಸ್ತಕದಲ್ಲಿ ಬರೆದುಕೊಳ್ಳಿ, ಚೌಕ ಆಮೇಲೆ ತುಂಬಿಸಿ.

ವಾಸ್ಕೊ ಕನ್ನಡಿಗ
ಮತದಾನ? ವಿಳಾಸ ಇಲ್ಲಿಗೆ ಬದಲಾಯಿಸಿದರೆ ಊರಿನ ಹಕ್ಕು ಹೋಗುತ್ತದೆ ಎಂಬ ಭಯ ಇವರಿಗೆ.

ವಡಾಲಾ ವಕೀಲ
ಭಯದಲ್ಲಿ ಅರ್ಥವಿದೆ. ಫಾರ್ಮ್ 8 ಕೊಟ್ಟರೆ ಹೆಸರು ಇಲ್ಲಿಗೆ ಬರುತ್ತದೆ, ಅಲ್ಲಿಂದ ಹೋಗುತ್ತದೆ. ಮತದಾರರ ಪಟ್ಟಿ ಅಲ್ಲಿ ಮನೆ ಇತ್ತೆಂಬುದಕ್ಕೂ ಸಾಕ್ಷಿಯಾದ್ದರಿಂದ ಬದಲಾಯಿಸುವ ಮೊದಲು ಹಳೇ ಪುಟದ ಪ್ರತಿ ತೆಗೆದಿಡಿ. ಬದಲಾಯಿಸಲೇಬೇಕೆಂದೂ ಇಲ್ಲ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 20ನೇ ಕಲಮಿನಂತೆ ತಾತ್ಕಾಲಿಕವಾಗಿ ಊರು ಬಿಟ್ಟಿದ್ದರಿಂದ ವಾಸಿ ಎಂಬ ಸ್ಥಾನ ಹೋಗುವುದಿಲ್ಲ. 2024ರ ಲೋಕಸಭೆ ಚುನಾವಣೆಯಲ್ಲಿ ಮಣಿಪುರದ ಶಿಬಿರಗಳಲ್ಲಿ ಇದ್ದವರಿಗೆ ವಿಶೇಷ ಮತಗಟ್ಟೆ ಮಾಡಿದ್ದರು, ರಾಜ್ಯದ ಹೊರಗಿದ್ದವರಿಗೆ ಆ ಅನುಕೂಲ ಸಿಗಲಿಲ್ಲ. ಕಾಶ್ಮೀರಿ ವಲಸಿಗರಿಗೆ ದೆಹಲಿಯಲ್ಲಿ ಮತಗಟ್ಟೆಯೂ ಅಂಚೆ ಮತವೂ ಇರುವಾಗ ಇವರಿಗೆ ಯಾಕಿಲ್ಲ ಎಂದು ಕೇಳುವುದು ನ್ಯಾಯವೇ.

ಕೊಂಢ್ವಾ ಕನ್ನಡತಿ
ಬಹಳ ಉಪಕಾರ. ಕಡೆಯದಾಗಿ ಒಂದು: ಆ ವಿದೇಶಿ ಕುಟುಂಬಗಳಲ್ಲಿ ಒಬ್ಬರಿಗೆ ಹೆರಿಗೆಯ ದಿನ ಹತ್ತಿರ. ಅಪ್ಪ ಅಮ್ಮನ ವೀಸಾ ಮುಗಿದಿದ್ದರೆ ಮಗುವಿನ ಜನನ ನೋಂದಣಿ ಆಗುತ್ತದೆಯೇ?

ಶಾಲೆಯಕ್ಕ, ಚೆಂಬೂರು
ಆಗುತ್ತದೆ, ಆಗಲೇಬೇಕು. ಜನನ ಮರಣ ನೋಂದಣಿ ಕಾಯ್ದೆ ಈ ನೆಲದಲ್ಲಿ ಹುಟ್ಟಿದ ಎಲ್ಲ ಮಕ್ಕಳಿಗೂ ಅನ್ವಯ, ತಂದೆತಾಯಿಯ ಆಧಾರ್ ಕೇಳುವುದು ‘ಇದ್ದರೆ’ ಮಾತ್ರ. ಆಸ್ಪತ್ರೆಯಲ್ಲೇ ಹೆರಿಗೆಯಾಗಲಿ, ಮಾಹಿತಿ ಕಳಿಸುವುದು ಆಸ್ಪತ್ರೆಯ ಕೆಲಸ. 21 ದಿನದೊಳಗೆ ಶುಲ್ಕವಿಲ್ಲ, 30 ದಿನದವರೆಗೆ ತಡ ಶುಲ್ಕ, ವರ್ಷದೊಳಗೆ ಅನುಮತಿ, ಅದಾದ ಮೇಲೆ ಮ್ಯಾಜಿಸ್ಟ್ರೇಟರ ಆದೇಶ. ಹೆಸರು ಇನ್ನೂ ಇಟ್ಟಿರದಿದ್ದರೆ ಆ ಜಾಗ ಖಾಲಿ ಬಿಟ್ಟು ನೋಂದಾಯಿಸಬಹುದು. ಇದರಿಂದ ಮಗುವಿಗೆ ಭಾರತದ ಪೌರತ್ವ ಬರುವುದಿಲ್ಲ. ಆದರೆ ಇದು ಇಲ್ಲದಿದ್ದರೆ ನಾಳೆ ಅವರ ಸ್ವಂತ ದೇಶವೂ ‘ಇದು ಯಾರ ಮಗು’ ಎಂದು ಕೇಳೀತು. ಅಪ್ಪ ಅಮ್ಮನ ಹೆಸರನ್ನು ಪಾಸ್‌ಪೋರ್ಟ್ ನೋಡಿಯೇ ಬರೆಸಿ. ಆಸ್ಪತ್ರೆಯ ಕೇಸ್ ಪೇಪರಿನಲ್ಲಿ ಕೇಳಿ ಕೇಳಿ ಬರೆದ ಹೆಸರೇ ಪ್ರಮಾಣಪತ್ರಕ್ಕೂ ಇಳಿದುಬಿಡುತ್ತದೆ. ಆದ್ದರಿಂದ ದಾಖಲಾಗುವ ದಿನವೇ ಪಾಸ್‌ಪೋರ್ಟಿನ ಜೆರಾಕ್ಸ್ ಎರಡು ಪ್ರತಿ ಚೀಲದಲ್ಲಿರಲಿ.